ಪಾದ್ರಿ ಡಗ್ಲಸ್ ಮತ್ತು ಐದು ಡಾಲರಿನ ಆಸ್ಪತ್ರೆ

1935ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್ ಎಂಬ ಸಣ್ಣ ಪಟ್ಟಣದ ಪಾದ್ರಿಯೊಬ್ಬರಿಗೆ ಬ್ಯಾಪ್ಟಿಸ್ಟ್ ಪಂಥದ ಮೇಲಧಿಕಾರಿಯೊಬ್ಬರು ಬುದ್ಧಿ ಹೇಳಲು ಬಂದರು. ತರುಣ ಪಾದ್ರಿ ಹಿಂದಿನ ವರ್ಷ ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿ ಮೂರನೆಯ ಸ್ಥಾನಕ್ಕೆ ಇಳಿದಿದ್ದರು. ರಾಜಕೀಯ ಇಷ್ಟಕ್ಕೆ ಸಾಕು, ಓದು ಮುಂದುವರಿಸೋಣ ಎಂದು ಅವರು ಯೋಚಿಸುತ್ತಿದ್ದ ಕಾಲ ಅದು. ಬಂದವರು ಸುಮ್ಮನೆ ಹಿಂತಿರುಗಿದ್ದರೆ ಕೆನಡಾದ ಚರಿತ್ರೆಯ ಒಂದು ಅಧ್ಯಾಯವೇ ಬೇರೆಯಾಗುತ್ತಿತ್ತೋ ಏನೋ. ಇನ್ನೊಮ್ಮೆ ಚುನಾವಣೆಗೆ ನಿಂತರೆ ದೇಶದ ಯಾವ ಮೂಲೆಯಲ್ಲೂ ನಿಮಗೆ ಚರ್ಚು ಸಿಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅವರು ಹೆದರಿಸಿದರು. ಹಾಗಾದರೆ ನಮ್ಮ ಪಕ್ಷಕ್ಕೆ ಈಗ ತಾನೇ ಒಬ್ಬ ಅಭ್ಯರ್ಥಿಯನ್ನು ದಯಪಾಲಿಸಿದಿರಿ ಎಂದು ಪಾದ್ರಿ ನಿಂತಲ್ಲೇ ಉತ್ತರ ಕೊಟ್ಟರು.

ಆ ಅಕ್ಟೋಬರ್ 14ರಂದು ವೇಬರ್ನ್ ಕ್ಷೇತ್ರದ ಮತದಾರರು ಅವರನ್ನು ಒಟ್ಟಾವಾದ ಹೌಸ್ ಆಫ್ ಕಾಮನ್ಸ್‌ಗೆ, ಅಂದರೆ ಕೆನಡಾದ ಲೋಕಸಭೆಗೆ ಆರಿಸಿ ಕಳಿಸಿದರು. ಮೂವತ್ತೊಂದು ತುಂಬಲು ಇನ್ನೂ ಆರು ದಿನ ಬಾಕಿಯಿತ್ತು. ಹೆಸರು ಥಾಮಸ್ ಕ್ಲೆಮೆಂಟ್ ಡಗ್ಲಸ್. ಊರಿನವರಿಗೆ, ಮುಂದೆ ಇಡೀ ದೇಶಕ್ಕೆ, ಟಾಮಿ ಡಗ್ಲಸ್.

2004ರಲ್ಲಿ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ, ದೇಶದ ಅತಿ ದೊಡ್ಡ ವ್ಯಕ್ತಿ ಯಾರು ಎಂದು ವೀಕ್ಷಕರಿಂದ ಮತ ಕೇಳಿತು. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್, ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ, ಐಸ್ ಹಾಕಿಯ ವೇನ್ ಗ್ರೆಟ್ಸ್ಕಿ ಎಲ್ಲರೂ ಕಣದಲ್ಲಿದ್ದರು. ಗೆದ್ದದ್ದು ಯಾವತ್ತೂ ಪ್ರಧಾನಿಯಾಗದ ಈ ಪಾದ್ರಿ. ಕಾಯಿಲೆ ಬಿದ್ದವನು ಜೇಬು ಮುಟ್ಟಿ ನೋಡಿಕೊಳ್ಳದೆ ಡಾಕ್ಟರ ಬಳಿ ಹೋಗಬಹುದಾದ ವ್ಯವಸ್ಥೆಗೆ ದಾರಿ ಮಾಡಿಕೊಟ್ಟವರು ಅವರು ಎಂಬ ಒಂದೇ ಕಾರಣ ಅದಕ್ಕೆ ಸಾಕಾಗಿತ್ತು.

ಈ ಹಂಬಲದ ಬೇರು ಒಂದು ಮೊಣಕಾಲಿನಲ್ಲಿದೆ. ಟಾಮಿ ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡಿನ ಫಾಲ್‌ಕರ್ಕ್‌ನಲ್ಲಿ. ಅಪ್ಪ ಕಬ್ಬಿಣದ ಎರಕದ ಕೆಲಸಗಾರ. ಚಿಕ್ಕಂದಿನಲ್ಲೇ ಹುಡುಗ ಬಿದ್ದು ಮೊಣಕಾಲಿಗೆ ಕಲ್ಲು ತಾಗಿ, ಗಾಯಕ್ಕೆ ಸೋಂಕು ಹತ್ತಿ, ಅದು ಮೂಳೆಯ ಒಳಕ್ಕೇ ಇಳಿಯಿತು. ಪೆನಿಸಿಲಿನ್ ಇಲ್ಲದ ಕಾಲ. ಮೂಳೆಯ ಕೀವು ಕೆರೆದು ತೆಗೆಯುವುದು, ಮತ್ತೆ ಕೀವು ತುಂಬುವುದು, ಮತ್ತೆ ಆಪರೇಷನ್. 1910ರಲ್ಲಿ ಕುಟುಂಬ ಕೆನಡಾದ ವಿನಿಪೆಗ್ ನಗರಕ್ಕೆ ವಲಸೆ ಬಂದ ಮೇಲೂ ಕಾಲು ವಾಸಿಯಾಗಲಿಲ್ಲ. ಕೊನೆಗೆ ಧರ್ಮದ ವಾರ್ಡಿನಲ್ಲಿ ಮಲಗಿದ್ದ ಹುಡುಗನ ಕಾಲು ಕತ್ತರಿಸುವುದೊಂದೇ ದಾರಿ ಎಂದು ವೈದ್ಯರು ಹೆತ್ತವರಿಗೆ ಹೇಳಿಬಿಟ್ಟರು.

ಆ ಹೊತ್ತಿಗೆ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾಗಿದ್ದ ಡಾ. ಆರ್. ಜೆ. ಸ್ಮಿತ್ ವಾರ್ಡಿಗೆ ಬಂದರು. ಅವರಿಗೆ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಇಂಥದೇ ಒಂದು ಕಾಲು ಬೇಕಿತ್ತು. ವಿದ್ಯಾರ್ಥಿಗಳು ನೋಡಲು ಒಪ್ಪುವುದಾದರೆ ಕಾಸಿಲ್ಲದೆ ಆಪರೇಷನ್ ಮಾಡುತ್ತೇನೆ ಎಂದರು. ಹೆತ್ತವರು ಒಪ್ಪಿದರು. ಕಾಲು ಉಳಿಯಿತು. ಡಗ್ಲಸ್ ಮುಂದೆ ಭಾಷಣಗಳಲ್ಲಿ ಈ ಪ್ರಸಂಗವನ್ನು ಮತ್ತೆ ಮತ್ತೆ ಎತ್ತುತ್ತಿದ್ದರು. ಸ್ಮಿತ್ ಅವರನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಆದರೆ ಕಾಡುತ್ತಿದ್ದ ಪ್ರಶ್ನೆ ಬೇರೆ. ಆ ದಿನ ಆ ವೈದ್ಯರು ಆ ವಾರ್ಡಿಗೆ ಬರದೇ ಇದ್ದಿದ್ದರೆ? ಪಕ್ಕದ ಹಾಸಿಗೆಯ ಹುಡುಗನಿಗೆ ಯಾರು ಬಂದರು? ಒಂದು ಮಗುವಿನ ಕಾಲು ಉಳಿಯುವುದು, ಹೋಗುವುದು ಅದೃಷ್ಟದ ಮೇಲೆ ನಿಲ್ಲಬಾರದು ಎಂಬ ಹಟ ಅಲ್ಲಿಂದ ಶುರುವಾಯಿತು.

ಮೊದಲ ಮಹಾಯುದ್ಧದ ವರ್ಷಗಳಲ್ಲಿ ಕುಟುಂಬ ಸ್ಕಾಟ್ಲೆಂಡಿಗೆ ಹಿಂತಿರುಗಿ, 1919ರಲ್ಲಿ ಮತ್ತೆ ವಿನಿಪೆಗ್‌ಗೆ ಬಂತು. ಬಂದ ವರ್ಷವೇ ನಗರ ಸ್ತಬ್ಧವಾಯಿತು. ಮೇ 15ರಿಂದ ಸುಮಾರು 30,000 ಕಾರ್ಮಿಕರು ಆರು ವಾರ ಮುಷ್ಕರ ಹೂಡಿದರು. ಜೂನ್ 21ರಂದು ಮುಖ್ಯ ರಸ್ತೆಯಲ್ಲಿ ಕುದುರೆ ಪೊಲೀಸರು ಗುಂಪಿನ ಮೇಲೆ ನುಗ್ಗಿ ಗುಂಡು ಹಾರಿಸಿದಾಗ ಹದಿನಾಲ್ಕರ ಟಾಮಿ ಗೆಳೆಯನ ಜೊತೆ ಒಂದು ಕಟ್ಟಡದ ಮಾಳಿಗೆ ಹತ್ತಿ ಕೆಳಗೆ ನೋಡುತ್ತಿದ್ದ. ಅಂದು ಇಬ್ಬರು ಜೀವ ಕಳೆದುಕೊಂಡರು. ಮುಷ್ಕರಕ್ಕಾಗಿ ಬಂಧಿತರಾದವರಲ್ಲಿ ಜೆ. ಎಸ್. ವುಡ್ಸ್‌ವರ್ತ್ ಎಂಬ ಮಾಜಿ ಮೆಥಡಿಸ್ಟ್ ಪಾದ್ರಿಯೂ ಇದ್ದರು. ಅವರ ಮೇಲಿನ ರಾಜದ್ರೋಹದ ಆರೋಪಕ್ಕೆ ಸಾಕ್ಷಿಯಾಗಿ ತೋರಿಸಿದ ಬರಹದಲ್ಲಿ ಬೈಬಲಿನ ಪ್ರವಾದಿ ಯೆಶಾಯನ ವಚನಗಳೂ ಸೇರಿದ್ದವು. ಎರಡೇ ವರ್ಷಕ್ಕೆ ವಿನಿಪೆಗ್‌ನ ಜನ ಅದೇ ವುಡ್ಸ್‌ವರ್ತ್ ಅವರನ್ನು ಸಂಸತ್ತಿಗೆ ಕಳಿಸಿದರು. ಸರ್ಕಾರಕ್ಕೆ ಬಹುಮತ ಕೊರತೆಯಾದಾಗ ಸಿಕ್ಕ ಸಂದರ್ಭ ಬಳಸಿಕೊಂಡು ಅವರು ವೃದ್ಧಾಪ್ಯ ವೇತನದ ಕಾನೂನು ತರಿಸಿದರು. 1927ರಲ್ಲಿ ಜಾರಿಗೆ ಬಂದ ಆ ವೇತನ, ಎಪ್ಪತ್ತು ದಾಟಿದ ಬಡವರಿಗೆ ತಿಂಗಳಿಗೆ ಗರಿಷ್ಠ 20 ಡಾಲರ್. ಚರ್ಚಿನ ಪೀಠದಿಂದ ಸಂಸತ್ತಿಗೆ ಹೋಗುವ ದಾರಿಯನ್ನು ಡಗ್ಲಸ್‌ಗಿಂತ ಮೊದಲು ಸವೆಸಿದವರು ಅವರೇ.

ಟಾಮಿ ಮಾತ್ರ ಸದ್ಯಕ್ಕೆ ಮುದ್ರಣಾಲಯದಲ್ಲಿ ಅಚ್ಚುಮೊಳೆ ಕೆಲಸ ಕಲಿಯುತ್ತಿದ್ದ, ಸಂಜೆಗೆ ಬಾಕ್ಸಿಂಗ್ ಮಾಡುತ್ತಿದ್ದ. ಒಂದು ಕಾಲದಲ್ಲಿ ಕತ್ತರಿಸಬೇಕೆಂದಿದ್ದ ಕಾಲಿನ ಮೇಲೆ ನಿಂತು 1922ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಲೈಟ್‌ವೆಯ್ಟ್ ಪಟ್ಟ ಗೆದ್ದ. ಮೂಗು ಮುರಿಯಿತು, ಹಲ್ಲು ಉದುರಿದವು. ಮರುವರ್ಷವೂ ಪಟ್ಟ ಬಿಟ್ಟುಕೊಡಲಿಲ್ಲ. ಆಮೇಲೆ ಆರು ವರ್ಷ ಬ್ರಾಂಡನ್ ಕಾಲೇಜು. ಓದಿನ ಖರ್ಚಿಗೆ ಹಳ್ಳಿ ಹಳ್ಳಿಯ ಚರ್ಚುಗಳಲ್ಲಿ ಭಾನುವಾರ ಪ್ರಸಂಗ ಮಾಡುವುದು. ಮನುಷ್ಯನ ಆತ್ಮದ ಜೊತೆಗೆ ಅವನ ಕೂಲಿ, ಮನೆ, ಕಾಯಿಲೆ ಎಲ್ಲವೂ ಕ್ರೈಸ್ತ ಧರ್ಮದ ಕಾಳಜಿಯೇ ಎಂದು ಸಾರುತ್ತಿದ್ದ ಸೋಶಿಯಲ್ ಗಾಸ್ಪೆಲ್ ಚಳವಳಿಯ ಗಾಳಿ ಆ ಕಾಲೇಜಿನಲ್ಲಿ ಬಲವಾಗಿ ಬೀಸುತ್ತಿತ್ತು. ಸಹಪಾಠಿ ಸ್ಟ್ಯಾನ್ಲಿ ನೋಲ್ಸ್ ಕೂಡ ಪಾದ್ರಿಯಾಗಿ, ವುಡ್ಸ್‌ವರ್ತ್ ತೀರಿಕೊಂಡ ಮೇಲೆ 1942ರಲ್ಲಿ ಅವರದೇ ಕ್ಷೇತ್ರದಿಂದ ಸಂಸತ್ತಿಗೆ ಹೋದರು. 1930ರಲ್ಲಿ ಡಗ್ಲಸ್ ಸಂಗೀತದ ವಿದ್ಯಾರ್ಥಿನಿ ಇರ್ಮಾ ಡೆಂಪ್ಸಿಯನ್ನು ಮದುವೆಯಾಗಿ, ದೀಕ್ಷೆ ಪಡೆದು, ವೇಬರ್ನ್‌ನ ಕ್ಯಾಲ್ವರಿ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕರಾದರು.

ಪ್ರಾಂತ್ಯದ ರಾಜಧಾನಿ ರೆಜೈನಾದಿಂದ ಆಗ್ನೇಯಕ್ಕೆ ಸುಮಾರು 110 ಕಿಲೋಮೀಟರ್ ದೂರದ ಈ ಊರಿನ ಸುತ್ತ ಕಣ್ಣು ಹಾಯುವಷ್ಟೂ ಗೋಧಿ ಹೊಲ. ಪಾದ್ರಿ ಬಂದ ಹೊತ್ತಿಗೆ ಎರಡು ವಿಪತ್ತು ಒಟ್ಟಿಗೇ ಎರಗಿದವು. ಬುಷೆಲ್‌ಗೆ ಒಂದು ಡಾಲರಿಗೂ ಮೇಲಿದ್ದ ಗೋಧಿಯ ಬೆಲೆ 1932ರ ಹೊತ್ತಿಗೆ ನಲವತ್ತು ಸೆಂಟಿಗೂ ಕೆಳಗೆ ಕುಸಿಯಿತು. ಆ ಬೆಲೆಗೆ ಮಾರಲಾದರೂ ಬೆಳೆ ಬೇಕಲ್ಲ. ವರ್ಷದ ಮೇಲೆ ವರ್ಷ ಮಳೆ ಕೈಕೊಟ್ಟು ಹೊಲದ ಮೇಲ್ಮಣ್ಣೇ ಗಾಳಿಗೆ ಎದ್ದು ಹಾರಿಹೋಯಿತು. ಹಗಲಲ್ಲೇ ದೀಪ ಹಚ್ಚಬೇಕಾಗುವಷ್ಟು ಧೂಳು. ಪೆಟ್ರೋಲಿಗೆ ಕಾಸಿಲ್ಲದ ರೈತರು ಕಾರಿನ ಎಂಜಿನ್ ಕಿತ್ತು ಹಾಕಿ ಮುಂದಕ್ಕೆ ಕುದುರೆ ಕಟ್ಟಿದರು. ಅಂದಿನ ಪ್ರಧಾನಿಯ ಹೆಸರು ಹಿಡಿದು ಅದಕ್ಕೆ ಬೆನೆಟ್ ಬಂಡಿ ಎಂದು ಕರೆದರು. ಪೂರ್ವದ ಪ್ರಾಂತ್ಯಗಳಿಂದ ರೈಲು ಡಬ್ಬಿಗಳಲ್ಲಿ ಸೇಬು, ಬಟ್ಟೆ, ಉಪ್ಪು ಹಾಕಿದ ಒಣಮೀನು ಬಂತು. ಸಮುದ್ರವನ್ನೇ ಕಾಣದ ಬಯಲುಸೀಮೆಯ ಹೆಂಗಸರು ಹಲಗೆಯಷ್ಟು ಗಟ್ಟಿಯಾದ ಆ ಮೀನನ್ನು ಬೇಯಿಸುವುದು ಹೇಗೆಂದು ತಿಳಿಯದೆ ಕಂಗಾಲಾದರು.

ಇವೆಲ್ಲವನ್ನೂ ಹಂಚಲು ಮುಂದೆ ನಿಂತವರು ಪಾದ್ರಿ ಡಗ್ಲಸ್. ಚರ್ಚು ಗೋದಾಮಿನಂತಾಯಿತು. ನಿರುದ್ಯೋಗಿಗಳ ಸಂಘ ಕಟ್ಟಿದರು. 1931ರ ಸೆಪ್ಟೆಂಬರಿನಲ್ಲಿ ಪಕ್ಕದ ಎಸ್ಟೆವನ್ ಗಣಿ ಪ್ರದೇಶದಲ್ಲಿ ಕಲ್ಲಿದ್ದಲು ಕಾರ್ಮಿಕರು ಮುಷ್ಕರ ಹೂಡಿದಾಗ ಒಂದು ಲಾರಿ ತುಂಬ ಆಹಾರ ಕೊಂಡೊಯ್ದರು. ಆ ತಿಂಗಳ 29ರಂದು ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿ ಮೂವರು ಗಣಿ ಕಾರ್ಮಿಕರನ್ನು ಕೊಂದರು. ವಿನಿಪೆಗ್‌ನ ಮಾಳಿಗೆಯಿಂದ ಕಂಡಿದ್ದನ್ನೇ ಮತ್ತೆ ಕಂಡ ಹಾಗಾಯಿತು.

ಆದರೆ ಪಾದ್ರಿಯನ್ನು ಒಳಗಿಂದ ಮುರಿದದ್ದು ಶವಸಂಸ್ಕಾರಗಳು. ಅಪೆಂಡಿಕ್ಸ್ ಒಡೆದು ಸತ್ತ ಹದಿನಾಲ್ಕರ ಹುಡುಗಿಯೊಬ್ಬಳನ್ನು ಮಣ್ಣು ಮಾಡಿದ್ದನ್ನು ಅವರು ಮುಂದೆ ನೆನೆಸಿಕೊಂಡಿದ್ದಾರೆ. ಸಣ್ಣ ಮಕ್ಕಳನ್ನು ಬಿಟ್ಟು ಹೋದ ಮೂವತ್ತರ ಆಸುಪಾಸಿನ ಇಬ್ಬರು ಗಂಡಸರ ಸಂಸ್ಕಾರವನ್ನೂ ಮಾಡಿದರು. ಹತ್ತಿರದಲ್ಲಿ ಡಾಕ್ಟರಿಲ್ಲ, ದೂರದ ಡಾಕ್ಟರಿಗೆ ಕೊಡಲು ಹಣವಿಲ್ಲ. ಸಮಾಧಿಯ ಬಳಿ ನಿಂತು ಎಲ್ಲವೂ ದೇವರ ಚಿತ್ತ ಎಂದು ಹೇಳುವುದು ಅವರಿಂದ ಆಗಲಿಲ್ಲ. ಹಂಚಿದ ಬಟ್ಟೆ ಒಂದು ಚಳಿಗಾಲ ಬರುತ್ತದೆ, ಹಂಚಿದ ಸೇಬು ಒಂದು ವಾರ. ಒಡೆದ ಅಪೆಂಡಿಕ್ಸಿಗೆ ಬೇಕಾದ ಆಸ್ಪತ್ರೆಯನ್ನು ಚರ್ಚಿನ ಕಾಣಿಕೆ ಡಬ್ಬಿಯಿಂದ ಕಟ್ಟಲಾಗುವುದಿಲ್ಲ. ಅವರು ವುಡ್ಸ್‌ವರ್ತ್ ಅವರಿಗೆ ಪತ್ರ ಬರೆದರು. ವುಡ್ಸ್‌ವರ್ತ್ ರೆಜೈನಾದ ಶಾಲಾ ಮಾಸ್ತರು ಎಂ. ಜೆ. ಕೋಲ್ಡ್‌ವೆಲ್ ಅವರ ಪರಿಚಯ ಮಾಡಿಸಿಕೊಟ್ಟರು. ರೈತರು, ಕಾರ್ಮಿಕರು, ಸಮಾಜವಾದಿಗಳು ಸೇರಿ 1932ರಲ್ಲಿ ಕಟ್ಟಿದ ಕೋಆಪರೇಟಿವ್ ಕಾಮನ್‌ವೆಲ್ತ್ ಫೆಡರೇಶನ್, ಅಂದರೆ ಸಿಸಿಎಫ್, ಅವರ ಪಕ್ಷವಾಯಿತು.

ಇದೇ ವೇಬರ್ನ್ ದಿನಗಳಲ್ಲಿ ಅವರ ಜೀವನದ ಕಪ್ಪುಚುಕ್ಕೆಯೊಂದೂ ಇದೆ. ಅದನ್ನು ಮರೆಮಾಚಿ ಈ ಮನುಷ್ಯನ ಕಥೆ ಹೇಳುವುದು ಸರಿಯಲ್ಲ. 1933ರಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಎಂ.ಎ. ಪ್ರಬಂಧದಲ್ಲಿ ಡಗ್ಲಸ್, ಮಾನಸಿಕವಾಗಿ ದುರ್ಬಲರೆಂದು ತಾವು ಪರಿಗಣಿಸಿದ ಬಡ ಕುಟುಂಬಗಳನ್ನು ಪ್ರತ್ಯೇಕವಾಗಿಡಬೇಕು, ಕೆಲವರಿಗೆ ಸಂತಾನಹರಣ ಚಿಕಿತ್ಸೆ ಮಾಡಬೇಕು ಎಂದು ವಾದಿಸಿದ್ದರು. ಸುಜನನಶಾಸ್ತ್ರದ ಹೆಸರಿನಲ್ಲಿ ಆಗ ಬಲಪಂಥೀಯರೂ ಎಡಪಂಥೀಯರೂ ಇಂಥ ಮಾತು ಆಡುತ್ತಿದ್ದರು ಎಂಬುದು ನಿಜ. ಆದರೂ ಬಡವರ ಪಾದ್ರಿಯ ಲೇಖನಿಯಿಂದ ಬಡವರ ಬಗ್ಗೆ ಇಂಥ ಮಾತು ಬಂದದ್ದು ಓದಲು ಕಷ್ಟವಾಗುತ್ತದೆ. 1936ರಲ್ಲಿ ಜಿನೀವಾದ ವಿಶ್ವ ಯುವಜನ ಸಮ್ಮೇಳನಕ್ಕೆ ಹೋದಾಗ ಅವರು ಹಿಟ್ಲರನ ಜರ್ಮನಿಯನ್ನು ಕಣ್ಣಾರೆ ಕಂಡು ಬಂದರು. ಆಮೇಲೆ ಅವರು ಆ ವಾದವನ್ನು ಎತ್ತಲಿಲ್ಲ. ಅಧಿಕಾರಕ್ಕೆ ಬಂದು ಆರೋಗ್ಯ ಖಾತೆಯನ್ನೂ ತಾವೇ ಇಟ್ಟುಕೊಂಡಾಗ, ಸಂತಾನಹರಣದ ಕಾನೂನು ತರಬೇಕೆಂದು ಬಂದ ಶಿಫಾರಸನ್ನು ತಳ್ಳಿಹಾಕಿದರು. ಪಕ್ಕದ ಆಲ್ಬರ್ಟಾದಲ್ಲಿ ಅಂಥ ಕಾನೂನು 1972ರವರೆಗೂ ಜಾರಿಯಲ್ಲಿತ್ತು.

ಸಂಸತ್ತಿನಲ್ಲಿ ಈ ಗಿಡ್ಡ ದೇಹದ ಪಾದ್ರಿಯ ಮಾತು ಕೇಳಲು ವಿರೋಧಿಗಳೂ ಕಿವಿ ನಿಮಿರಿಸುತ್ತಿದ್ದರು. ಹಾಸ್ಯ ಅವರಿಗೆ ಹುಟ್ಟಿನಿಂದ ಬಂದದ್ದು. ಒಮ್ಮೆ ಹಳ್ಳಿಯಲ್ಲಿ ವೇದಿಕೆಯಿಲ್ಲದೆ ಸಗಣಿಗೊಬ್ಬರ ಹರಡುವ ಗಾಡಿಯ ಮೇಲೆ ಹತ್ತಿ ನಿಂತು, ಲಿಬರಲ್ ಪಕ್ಷದ ವೇದಿಕೆಯ ಮೇಲಿಂದ ಮಾತಾಡುತ್ತಿರುವುದು ಇದೇ ಮೊದಲು ಎಂದರಂತೆ. ಅವರ ಬಾಯಲ್ಲಿ ಹೆಸರಾದ ಇನ್ನೊಂದು ಕಥೆ ಇಲಿಗಳ ದೇಶದ್ದು. ಅದನ್ನು ಮೊದಲು ಹೇಳಿದವರು ಗಣಿ ಕಾರ್ಮಿಕರಾಗಿದ್ದು ಸಂಸದರಾದ ಕ್ಲಾರಿ ಗಿಲ್ಲಿಸ್. ಇಲಿಗಳು ಪ್ರತಿ ಚುನಾವಣೆಯಲ್ಲೂ ಕರಿ ಬೆಕ್ಕುಗಳನ್ನು ಗೆಲ್ಲಿಸುತ್ತವೆ. ಕಾಟ ತಾಳದೆ ಮುಂದಿನ ಸಲ ಬಿಳಿ ಬೆಕ್ಕುಗಳಿಗೆ ಮತ ಹಾಕುತ್ತವೆ. ಕಾಟ ಹಾಗೇ ಇರುತ್ತದೆ. ನಾವು ಇಲಿಗಳನ್ನೇ ಯಾಕೆ ಆರಿಸಬಾರದು ಎಂದು ಕೇಳಿದ ಒಂದು ಪುಟ್ಟ ಇಲಿಯನ್ನು ಕ್ರಾಂತಿಕಾರಿ ಎಂದು ಜೈಲಿಗೆ ಹಾಕುತ್ತಾರೆ. ಹೊಲದ ಬದುವಿನಲ್ಲಿ ಕೂತ ರೈತನಿಗೆ ಈ ಕಥೆಗೆ ಭಾಷ್ಯ ಬೇಕಿರಲಿಲ್ಲ.

ಎರಡನೆಯ ಮಹಾಯುದ್ಧ ಬಂದಾಗ ಗುರುವಿನಂತಿದ್ದ ವುಡ್ಸ್‌ವರ್ತ್ ಶಾಂತಿವಾದಕ್ಕೆ ಅಂಟಿಕೊಂಡು ಯುದ್ಧವನ್ನು ವಿರೋಧಿಸಿದರು. ಜರ್ಮನಿಯನ್ನು ನೋಡಿ ಬಂದಿದ್ದ ಡಗ್ಲಸ್‌ಗೆ ಅದು ಸಾಧ್ಯವಾಗಲಿಲ್ಲ. ತಾವೇ ಸೈನ್ಯಕ್ಕೆ ಹೆಸರು ಕೊಟ್ಟರು. ವಿನಿಪೆಗ್ ಗ್ರೆನೇಡಿಯರ್ಸ್ ಪಡೆಯ ಜೊತೆ ಹೊರಡಬೇಕಿದ್ದವರನ್ನು ವೈದ್ಯಕೀಯ ಪರೀಕ್ಷೆಯಲ್ಲಿ ಹಳೆಯ ಕಾಲು ತಡೆಯಿತು. ಆ ಪಡೆ ಹಾಂಗ್‌ಕಾಂಗ್‌ಗೆ ಹೋಗಿ, 1941ರ ಡಿಸೆಂಬರಿನಲ್ಲಿ ಜಪಾನೀಯರ ಕೈಗೆ ಸಿಕ್ಕು, ಸಾವು ಇಲ್ಲವೇ ಸೆರೆಗೆ ಈಡಾಯಿತು.

1944ರಲ್ಲಿ ಡಗ್ಲಸ್ ಸಂಸತ್ ಸದಸ್ಯತ್ವ ಬಿಟ್ಟು ಸಸ್ಕಾಚೆವಾನ್‌ಗೆ ಮರಳಿದರು. ಜೂನ್ 15ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 52ರಲ್ಲಿ 47 ಸ್ಥಾನ. ಉತ್ತರ ಅಮೆರಿಕದ ಮೊದಲ ಸಮಾಜವಾದಿ ಸರ್ಕಾರ, ನಮ್ಮ ಮುಖ್ಯಮಂತ್ರಿಗೆ ಸಮನಾದ ಪ್ರೀಮಿಯರ್ ಹುದ್ದೆಯಲ್ಲಿ ಒಬ್ಬ ಪಾದ್ರಿ. ಹದಿನೇಳು ವರ್ಷ ಅವರು ಆ ಕುರ್ಚಿಯಲ್ಲಿದ್ದರು. ಹಳ್ಳಿಗಳಿಗೆ ಕರೆಂಟು ಬಂತು, ಸರ್ಕಾರಿ ವಾಹನ ವಿಮೆ ಬಂತು, 1947ರಲ್ಲಿ ಹಕ್ಕುಗಳ ಕಾಯ್ದೆ ಬಂತು. ಎಲ್ಲವೂ ಕೈಹಿಡಿಯಲಿಲ್ಲ. ಸರ್ಕಾರ ತೆರೆದ ಬೂಟಿನ ಕಾರ್ಖಾನೆ, ಉಣ್ಣೆಯ ಗಿರಣಿ ನಷ್ಟಕ್ಕೆ ಬಿದ್ದು ಮುಚ್ಚಿದವು. ಸ್ಕಾಟ್ಲೆಂಡಿನ ಬಡ ಮನೆಯ ಮಗ ಸಾಲಕ್ಕೆ ಮಾತ್ರ ಬಹಳ ಹೆದರುತ್ತಿದ್ದರು. ಹಿಂದಿನವರು ಬಿಟ್ಟುಹೋದ ಸಾಲ ತೀರಿಸುವುದು, ಬಜೆಟ್ ಸರಿದೂಗಿಸುವುದು ಮೊದಲು, ಹೊಸ ಯೋಜನೆ ಆಮೇಲೆ ಎಂಬುದು ಅವರ ಶಿಸ್ತು. ಆರೋಗ್ಯ ಯೋಜನೆಗೆ ಅಷ್ಟು ವರ್ಷ ಹಿಡಿದದ್ದು ಈ ಶಿಸ್ತಿನಿಂದಲೇ, ಅದು ಕುಸಿಯದೆ ಉಳಿದದ್ದೂ ಇದರಿಂದಲೇ ಎನ್ನಬೇಕು.

ಕುರ್ಚಿಗೆ ಬಂದ ಕೆಲವೇ ತಿಂಗಳಲ್ಲಿ ಅವರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಡಾ. ಹೆನ್ರಿ ಸಿಗರಿಸ್ಟ್ ಅವರನ್ನು ಕರೆಸಿ, ಪ್ರಾಂತ್ಯದ ಆರೋಗ್ಯ ಸ್ಥಿತಿಯ ಸಮೀಕ್ಷೆ ಮಾಡಿಸಿದರು. ಸ್ವಿಸ್ ಮೂಲದ ಈ ವೈದ್ಯಕೀಯ ಇತಿಹಾಸಕಾರರ ಹೆಸರು ಭಾರತೀಯರಿಗೂ ಪರಿಚಯವಿರಬೇಕಾದದ್ದು. ಅದೇ 1944ರ ಕೊನೆಯಲ್ಲಿ ಅವರು ಭಾರತಕ್ಕೂ ಬಂದರು. ಸ್ವತಂತ್ರ ಭಾರತದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಬುನಾದಿ ಹಾಕಿದ ಭೋರ್ ಸಮಿತಿಗೆ ಸಲಹೆ ಕೊಡಲು ಬಂದ ವಿದೇಶಿ ತಜ್ಞರಲ್ಲಿ ಅವರೂ ಒಬ್ಬರು. ಹಣ ಕೊಡಲಾಗದು ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಆ ಸಮಿತಿ 1946ರ ವರದಿಯಲ್ಲಿ ಹೇಳಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಮೂಡಿದ್ದು ಅದೇ ವರದಿಯಲ್ಲಿ. ಗೋಧಿ ಬಯಲಿನ ಪ್ರಾಂತ್ಯಕ್ಕೂ ಬ್ರಿಟಿಷರ ಕೈಯಲ್ಲಿದ್ದ ಭಾರತಕ್ಕೂ ಒಂದೇ ವರ್ಷ ಒಬ್ಬನೇ ತಜ್ಞ ಒಂದೇ ಪ್ರಶ್ನೆ ಹೊತ್ತು ಓಡಾಡಿದ್ದನ್ನು ಯೋಚಿಸಿದರೆ ರೋಮಾಂಚನವಾಗುತ್ತದೆ.

ಡಗ್ಲಸ್ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. 1945ರ ಜನವರಿ 1ರಿಂದ ವೃದ್ಧಾಪ್ಯ ವೇತನ ಪಡೆಯುವವರಿಗೆ, ಸರ್ಕಾರದ ನೆರವಿನಲ್ಲಿದ್ದ ವಿಧವೆಯರಿಗೆ ಆಸ್ಪತ್ರೆ, ಔಷಧಿ, ಹಲ್ಲಿನ ಚಿಕಿತ್ಸೆ ಎಲ್ಲವೂ ಉಚಿತ. ಕ್ಯಾನ್ಸರ್ ಚಿಕಿತ್ಸೆ ಎಲ್ಲರಿಗೂ ಉಚಿತ. ಚಳಿಗಾಲದಲ್ಲಿ ಹಿಮದಿಂದ ರಸ್ತೆ ಮುಚ್ಚಿಹೋಗುವ ಸೀಮೆಯಲ್ಲಿ ರೋಗಿಯನ್ನು ಹೊತ್ತೊಯ್ಯಲು 1946ರಲ್ಲಿ ವಿಮಾನ ಆಂಬುಲೆನ್ಸ್. ಆಮೇಲೆ 1947ರ ಜನವರಿ 1ರಂದು ದೊಡ್ಡ ಹೆಜ್ಜೆ. ಒಬ್ಬರಿಗೆ ವರ್ಷಕ್ಕೆ ಐದು ಡಾಲರ್ ವಂತಿಗೆ, ಮನೆಯಲ್ಲಿ ಎಷ್ಟೇ ಜನರಿದ್ದರೂ 30 ಡಾಲರಿಗೆ ಮೀರುವಂತಿಲ್ಲ. ಅಷ್ಟು ಕಟ್ಟಿದವರಿಗೆ ಆಸ್ಪತ್ರೆಯ ಬಿಲ್ಲು ಇಲ್ಲ. ವಂತಿಗೆ ಸಾಲದ ಮಿಕ್ಕ ಹಣ ಸರ್ಕಾರದ ಖಜಾನೆಯಿಂದ. ಒಬ್ಬ ರೈತನ ಹೆಂಡತಿ ಹೆರಿಗೆಗೆ ಒಂದು ವಾರ ಮಲಗಿದರೂ, ಅವನ ಅಪ್ಪ ತೊಡೆಮೂಳೆ ಮುರಿದು ಎರಡು ತಿಂಗಳು ಮಲಗಿದರೂ ಲೆಕ್ಕ ಅದೇ. ದನ ಮಾರಿ, ಹೊಲ ಅಡವಿಟ್ಟು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವ ಕಾಲ ಆ ಪ್ರಾಂತ್ಯದಲ್ಲಿ ಅಂದಿಗೆ ಮುಗಿಯಿತು. ಹತ್ತು ವರ್ಷದ ಮೇಲೆ, 1957ರಲ್ಲಿ, ಕೇಂದ್ರ ಸರ್ಕಾರ ಇಡೀ ದೇಶದ ಆಸ್ಪತ್ರೆ ವಿಮೆಗೆ ಪಾಲು ಕೊಡುವ ಕಾನೂನು ಮಾಡಿತು.

ಕೇಂದ್ರದ ಪಾಲು ಬಂದಾಗ ಪ್ರಾಂತ್ಯದ ಕೈಯಲ್ಲಿ ಹಣ ಉಳಿಯಿತು. ಉಳಿದ ಹಣವನ್ನು ತೆರಿಗೆ ಇಳಿಸಲು ಬಳಸಿ ಮತ ಗಳಿಸಬಹುದಿತ್ತು. ಡಗ್ಲಸ್ 1959ರಲ್ಲಿ ಮುಂದಿನ ಮೆಟ್ಟಿಲು ಘೋಷಿಸಿದರು. ಆಸ್ಪತ್ರೆಗಷ್ಟೇ ಅಲ್ಲದೆ ಡಾಕ್ಟರ ಶುಲ್ಕಕ್ಕೂ ಸಾರ್ವಜನಿಕ ವಿಮೆ. ಮುಂಗಡವಾಗಿ ಕಟ್ಟುವ ಹಣ, ಎಲ್ಲರಿಗೂ ರಕ್ಷಣೆ, ಗುಣಮಟ್ಟದ ಚಿಕಿತ್ಸೆ, ಸಾರ್ವಜನಿಕ ಆಡಳಿತ, ವೈದ್ಯರಿಗೂ ರೋಗಿಗೂ ಒಪ್ಪಿಗೆಯಾಗುವ ವ್ಯವಸ್ಥೆ ಎಂಬ ತತ್ವಗಳನ್ನು ಮುಂದಿಟ್ಟರು. ಕೊನೆಯದು ಕೈಗೂಡಲಿಲ್ಲ. ವೈದ್ಯರ ಸಂಘ ಸಿಡಿದೆದ್ದಿತು. 1960ರ ಚುನಾವಣೆಯಲ್ಲಿ ವೈದ್ಯರು ಚಂದಾ ಎತ್ತಿ ಸರ್ಕಾರದ ವಿರುದ್ಧ ಪ್ರಚಾರ ಮಾಡಿದರು. ಸರ್ಕಾರಿ ಗುಮಾಸ್ತ ನಿಮ್ಮ ಡಾಕ್ಟರನ್ನು ನಿರ್ಧರಿಸುತ್ತಾನೆ ಎಂಬ ಭಯ ಹಬ್ಬಿಸಲಾಯಿತು. ಆದರೂ ಡಗ್ಲಸ್ ಗೆದ್ದರು. 1961ರ ನವೆಂಬರಿನಲ್ಲಿ ಕಾನೂನು ಅಂಗೀಕಾರವಾಯಿತು.

ಅದೇ ವರ್ಷ ಸಿಸಿಎಫ್ ಮತ್ತು ಕಾರ್ಮಿಕ ಸಂಘಗಳು ಸೇರಿ ನ್ಯೂ ಡೆಮಾಕ್ರಟಿಕ್ ಪಕ್ಷ ಕಟ್ಟಿ ಡಗ್ಲಸ್ ಅವರನ್ನು ರಾಷ್ಟ್ರೀಯ ನಾಯಕನನ್ನಾಗಿ ಆರಿಸಿದ್ದವು. ಪ್ರೀಮಿಯರ್ ಹುದ್ದೆಯನ್ನು ವುಡ್ರೋ ಲಾಯ್ಡ್ ಅವರಿಗೆ ಒಪ್ಪಿಸಿ ಅವರು ಮತ್ತೆ ಸಂಸತ್ತಿಗೆ ಹೊರಟರು. 1962ರ ಜೂನ್ 18ರಂದು ತಾವು ಹದಿನೇಳು ವರ್ಷ ಆಳಿದ ರೆಜೈನಾದಲ್ಲೇ ಹೀನಾಯವಾಗಿ ಸೋತರು. ಆರೋಗ್ಯ ವಿಮೆಯ ಮೇಲಿನ ಸಿಟ್ಟು ಅವರ ಮೇಲೆ ತಿರುಗಿತ್ತು. ಎರಡೇ ವಾರಕ್ಕೆ, ಜುಲೈ 1ರಂದು, ಕಾನೂನು ಜಾರಿಗೆ ಬಂತು. ಅಂದೇ ಪ್ರಾಂತ್ಯದ ಬಹುಪಾಲು ಡಾಕ್ಟರುಗಳು ಷಾಪಿಗೆ ಬಾಗಿಲು ಹಾಕಿದರು. ಮುಷ್ಕರ 23 ದಿನ ನಡೆಯಿತು. ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. ಊರಿನವರು ಕೆಲವೆಡೆ ತಾವೇ ಸಹಕಾರಿ ಕ್ಲಿನಿಕ್ ತೆರೆದರು. ನಮ್ಮ ಡಾಕ್ಟರುಗಳನ್ನು ಉಳಿಸಿ ಎನ್ನುವ ಸಮಿತಿಗಳು ಶಾಸನಸಭೆಯ ಮುಂದೆ ಹತ್ತಾರು ಸಾವಿರ ಜನ ಸೇರಿಸುವುದಾಗಿ ಹೇಳಿದವು. ಬಂದವರು ಕೆಲವೇ ಸಾವಿರ. ಅಲ್ಲಿಗೆ ಚಳವಳಿಯ ಗಾಳಿ ಇಳಿಯಿತು. ಬ್ರಿಟನ್ನಿನ ಲಾರ್ಡ್ ಟೇಲರ್ ಮಧ್ಯಸ್ಥಿಕೆಯಲ್ಲಿ ಜುಲೈ 23ರಂದು ಸಸ್ಕಾಟೂನ್ ಒಪ್ಪಂದವಾಯಿತು. ವೈದ್ಯರಿಗೆ ತಮ್ಮ ಸ್ವಂತ ಕ್ಲಿನಿಕ್ ಇಟ್ಟುಕೊಳ್ಳುವ ಸ್ವಾತಂತ್ರ್ಯ ಉಳಿಯಿತು, ಬಿಲ್ಲು ಸರ್ಕಾರದ ವಿಮೆಗೆ ಹೋಯಿತು. ಮುಷ್ಕರದ ಬಿಸಿ ಪೂರ್ತಿ ಹೊತ್ತ ಲಾಯ್ಡ್ ಅವರ ಹೆಸರು ಇಂದು ಹೊರಗೆ ಅಷ್ಟಾಗಿ ಕೇಳುವುದಿಲ್ಲ. ಡಗ್ಲಸ್ ಬಿತ್ತಿದ ಬೆಳೆಯನ್ನು ಆಲಿಕಲ್ಲಿನ ಮಳೆಯಲ್ಲಿ ಕಾಯ್ದವರು ಅವರು.

ಡಗ್ಲಸ್ ಆ ಅಕ್ಟೋಬರಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಬರ್ನಬಿ-ಕೊಕ್ವಿಟ್ಲಂ ಉಪಚುನಾವಣೆಯಲ್ಲಿ ಗೆದ್ದು ಒಟ್ಟಾವಾಕ್ಕೆ ಬಂದರು. ಅವರದು ಇಪ್ಪತ್ತರ ಆಸುಪಾಸಿನ ಸದಸ್ಯರ ಸಣ್ಣ ಪಕ್ಷ. ಆದರೆ 1963ರಿಂದ ಲೆಸ್ಟರ್ ಪಿಯರ್ಸನ್ ಅವರ ಲಿಬರಲ್ ಸರ್ಕಾರಕ್ಕೆ ಸ್ವಂತ ಬಹುಮತವಿರಲಿಲ್ಲ. ವುಡ್ಸ್‌ವರ್ತ್ ವೃದ್ಧಾಪ್ಯ ವೇತನಕ್ಕೆ ಮಾಡಿದ್ದನ್ನೇ ಡಗ್ಲಸ್ ಆರೋಗ್ಯ ವಿಮೆಗೆ ಮಾಡಿದರು, ಸದನದ ಒಳಗೂ ಹೊರಗೂ ಬಿಡದೆ ಒತ್ತಿದರು. ನೆರವು ಅನಿರೀಕ್ಷಿತ ಕಡೆಯಿಂದಲೂ ಬಂತು. ಸಾರ್ವಜನಿಕ ವಿಮೆಗೆ ತಡೆಯಾದೀತೆಂದು ವೈದ್ಯರ ಸಂಘವೇ ಕೇಳಿ ಪಡೆದಿದ್ದ ವಿಚಾರಣಾ ಆಯೋಗಕ್ಕೆ ನ್ಯಾಯಮೂರ್ತಿ ಎಮೆಟ್ ಹಾಲ್ ಅಧ್ಯಕ್ಷರು. ಕನ್ಸರ್ವೇಟಿವ್ ಒಲವಿನ ಈ ನ್ಯಾಯಮೂರ್ತಿ 1964ರಲ್ಲಿ ಕೊಟ್ಟ ವರದಿ, ಸಸ್ಕಾಚೆವಾನ್ ಮಾದರಿಯನ್ನೇ ಇಡೀ ದೇಶಕ್ಕೆ ವಿಸ್ತರಿಸಬೇಕು ಎಂದಿತು. 1966ರ ಡಿಸೆಂಬರಿನಲ್ಲಿ ವೈದ್ಯಕೀಯ ಆರೈಕೆ ಕಾಯ್ದೆ ಹೆಚ್ಚುಕಡಿಮೆ ಇಡೀ ಸದನದ ಬೆಂಬಲದೊಂದಿಗೆ ಪಾಸಾಯಿತು. ಆ ದಶಕ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿಕೊಂಡವು. ಇಂದು ಟೊರಾಂಟೊ, ಕ್ಯಾಲ್ಗರಿಗಳಲ್ಲಿ ನೆಲೆಸಿರುವ ಕನ್ನಡಿಗರ ಪರ್ಸಿನಲ್ಲಿರುವ ಪ್ರಾಂತೀಯ ಆರೋಗ್ಯ ಕಾರ್ಡಿನ ಮೂಲ ಈ ಕಾನೂನೇ.

1968ರ ಚುನಾವಣೆಯಲ್ಲಿ ಡಗ್ಲಸ್ ಮತ್ತೆ ಸೋತರು, ಈ ಸಲ ಬರೀ 138 ಮತಗಳಿಂದ. ಮರುವರ್ಷ ನನೈಮೊ ಪ್ರದೇಶದ ಉಪಚುನಾವಣೆಯಲ್ಲಿ ಗೆದ್ದು ಬಂದು, 1979ರವರೆಗೆ ಅಲ್ಲಿನ ಸಂಸದರಾಗಿ ಉಳಿದರು.

ಆ ಅವಧಿಯಲ್ಲಿ ಅವರ ಧೈರ್ಯಕ್ಕೆ ದೊಡ್ಡ ಪರೀಕ್ಷೆ ಬಂತು. 1970ರ ಅಕ್ಟೋಬರಿನಲ್ಲಿ ಕ್ವಿಬೆಕ್ ಪ್ರತ್ಯೇಕತಾವಾದಿ ಉಗ್ರರು ಬ್ರಿಟಿಷ್ ರಾಜತಾಂತ್ರಿಕ ಜೇಮ್ಸ್ ಕ್ರಾಸ್ ಅವರನ್ನೂ ಪ್ರಾಂತೀಯ ಮಂತ್ರಿ ಪಿಯರ್ ಲಪೋರ್ಟ್ ಅವರನ್ನೂ ಅಪಹರಿಸಿದರು. 16ರಂದು ಪ್ರಧಾನಿ ಟ್ರೂಡೊ ಯುದ್ಧಕಾಲದ ಕಾಯ್ದೆ ಜಾರಿಗೊಳಿಸಿದರು. ಮರುದಿನ ಲಪೋರ್ಟ್ ಶವವಾಗಿ ಸಿಕ್ಕರು. ದೇಶವೆಲ್ಲ ಪ್ರಧಾನಿಯ ಹಿಂದೆ ನಿಂತಿತ್ತು. ವಾರಂಟ್ ಇಲ್ಲದೆ ನೂರಾರು ಜನರನ್ನು ಹಿಡಿದು ಒಳಗೆ ಹಾಕಲಾಯಿತು, ಬಹುಪಾಲು ಮಂದಿಯ ಮೇಲೆ ಆರೋಪವನ್ನೇ ಹೊರಿಸಲಿಲ್ಲ. ಕಡಲೆಕಾಯಿ ಒಡೆಯಲು ಸಮ್ಮಟಿಗೆ ಎತ್ತಿದ್ದೀರಿ ಎಂದು ಡಗ್ಲಸ್ ಸದನದಲ್ಲೇ ಹೇಳಿದಾಗ ನಾಚಿಕೆಗೇಡು ಎಂಬ ಕೂಗು ಎದ್ದಿತು. 19ರಂದು ಮತಕ್ಕೆ ಹಾಕಿದಾಗ 190 ಮಂದಿ ಪರ, 16 ಮಂದಿ ವಿರುದ್ಧ. ಡಗ್ಲಸ್ ಅವರ ಪಕ್ಷದವರಲ್ಲೇ ನಾಲ್ವರು ಸರ್ಕಾರದ ಕಡೆ ಮತ ಹಾಕಿದರು. ಪಕ್ಷದ ಜನಪ್ರಿಯತೆ ಕುಸಿಯಿತು. ಆ ಹದಿನಾರು ಮಂದಿಯ ನಿಲುವು ಸರಿಯಿತ್ತು ಎಂದು ಅಂದು ಬೈದವರಲ್ಲಿ ಕೆಲವರು ವರ್ಷಗಳ ಮೇಲೆ ಒಪ್ಪಿಕೊಂಡರು. ಪೊಲೀಸರು ತಮ್ಮನ್ನೂ ದಶಕಗಳ ಕಾಲ ಹಿಂಬಾಲಿಸುತ್ತಿದ್ದ ಸಂಗತಿಯ ವಿವರ ಮಾತ್ರ ಡಗ್ಲಸ್‌ಗೆ ಬದುಕಿದ್ದಾಗ ಸಿಗಲಿಲ್ಲ. ಅವರ ಹೆಸರಿನ ಸಾವಿರಕ್ಕೂ ಹೆಚ್ಚು ಪುಟಗಳ ರಹಸ್ಯ ಕಡತದ ಒಂದು ಪಾಲು ಹೊರಬಂದದ್ದು 2006ರಲ್ಲಿ.

1980ರ ದಶಕದ ಹೊತ್ತಿಗೆ ಕೆಲವು ಪ್ರಾಂತ್ಯಗಳಲ್ಲಿ ಡಾಕ್ಟರುಗಳು ವಿಮೆಯ ಮೇಲೆ ರೋಗಿಯಿಂದ ಹೆಚ್ಚುವರಿ ಹಣ ವಸೂಲು ಮಾಡತೊಡಗಿದ್ದರು. ನಿವೃತ್ತರಾಗಿದ್ದ ಡಗ್ಲಸ್ ಊರೂರು ತಿರುಗಿ ಇದರ ವಿರುದ್ಧ ಮಾತಾಡಿದರು. 1984ರ ಕೆನಡಾ ಆರೋಗ್ಯ ಕಾಯ್ದೆ, ಹಾಗೆ ವಸೂಲಿಗೆ ಬಿಡುವ ಪ್ರಾಂತ್ಯದ ಅನುದಾನವನ್ನು ಅಷ್ಟೇ ಮೊತ್ತದಷ್ಟು ಕಡಿತ ಮಾಡುವ ಕ್ರಮ ತಂದಿತು. 1986ರ ಫೆಬ್ರುವರಿ 24ರಂದು ಕ್ಯಾನ್ಸರಿನಿಂದ ಅವರು ಒಟ್ಟಾವಾದಲ್ಲಿ ತೀರಿಕೊಂಡರು. ಆಗ 81 ವರ್ಷ. ಮಗಳು ಶರ್ಲಿ ಡಗ್ಲಸ್ ನಟಿ, ಮೊಮ್ಮಗ ಹಾಲಿವುಡ್ ನಟ ಕೀಫರ್ ಸದರ್ಲೆಂಡ್. ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಉಳಿಸುವ ಚಳವಳಿಯಲ್ಲಿ ಶರ್ಲಿ ತಾವೂ ವರ್ಷಾನುಗಟ್ಟಲೆ ದುಡಿದರು.

ಆ ವ್ಯವಸ್ಥೆಯ ಮೇಲೆ ಇಂದು ದೂರುಗಳು ಸಾಕಷ್ಟಿವೆ. ಮೊಣಕಾಲಿನ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು, ಎಷ್ಟೋ ಊರಿನಲ್ಲಿ ಕುಟುಂಬ ವೈದ್ಯರೇ ಸಿಗುವುದಿಲ್ಲ. ಹಣದ ಅಡ್ಡಿ ತೆಗೆಯುವುದು ಮೊದಲ ಹಂತ, ಕಾಯಿಲೆ ಬರದಂತೆ ತಡೆಯುವ ಹಾಗೆ ಇಡೀ ವ್ಯವಸ್ಥೆಯನ್ನು ಮತ್ತೆ ಕಟ್ಟುವುದು ಎರಡನೆಯ ಹಂತ, ಅದು ಇನ್ನೂ ಬಾಕಿಯಿದೆ ಎಂದು ಡಗ್ಲಸ್ ಕೊನೆಯ ವರ್ಷಗಳ ಭಾಷಣಗಳಲ್ಲಿ ಹೇಳುತ್ತಲೇ ಇದ್ದರು. ಹಾಲ್ ಆಯೋಗ ಔಷಧಿ ಮತ್ತು ಮಕ್ಕಳ ಹಲ್ಲಿನ ಚಿಕಿತ್ಸೆಯನ್ನೂ ವಿಮೆಗೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು, ಅದೂ ದಶಕಗಳ ಕಾಲ ಕಡತದಲ್ಲೇ ಉಳಿಯಿತು. 2022ರ ಮಾರ್ಚಿನಲ್ಲಿ ಬಹುಮತವಿಲ್ಲದ ಇನ್ನೊಂದು ಲಿಬರಲ್ ಸರ್ಕಾರದ ಜೊತೆ ಡಗ್ಲಸ್ ಅವರ ಪಕ್ಷ ಬೆಂಬಲದ ಒಪ್ಪಂದಕ್ಕೆ ಬಂದಾಗ ಮೊದಲು ಮುಂದಿಟ್ಟ ಬೇಡಿಕೆಗಳು ಅವೇ ಎರಡು. 2023ರ ಕೊನೆಯಲ್ಲಿ ಬೇರೆ ವಿಮೆಯಿಲ್ಲದ ಮಧ್ಯಮ ಮತ್ತು ಕೆಳ ವರಮಾನದವರಿಗಾಗಿ ಹಲ್ಲಿನ ಚಿಕಿತ್ಸೆಯ ಯೋಜನೆ ಅರ್ಜಿ ಕರೆಯಲು ಶುರುಮಾಡಿತು, ಮೊದಲ ಸರದಿ ಹಿರಿಯ ವಯಸ್ಸಿನವರದು. 2024ರ ಅಕ್ಟೋಬರಿನಲ್ಲಿ ಔಷಧಿ ಕಾಯ್ದೆಯೂ ಪಾಸಾಯಿತು. ಸದ್ಯಕ್ಕೆ ಅದರ ವ್ಯಾಪ್ತಿಯಲ್ಲಿರುವುದು ಸಕ್ಕರೆ ಕಾಯಿಲೆಯ ಔಷಧಿ ಮತ್ತು ಗರ್ಭನಿರೋಧಕಗಳು. ಉಳಿದ ಔಷಧಿಗಳ ಮಾತುಕತೆ ಪ್ರಾಂತ್ಯ ಮತ್ತು ಕೇಂದ್ರದ ನಡುವೆ ಇನ್ನೂ ಆಗಬೇಕಿದೆ.